ಪಚ್ಚ ಗಾಡಿ

ಯಶೋಧರಾಳ ಹತ್ತಿರ ಅಪ್ಪನ ಕಾರಿನ ಒಂದು ಫೋಟೊ ಕೂಡ ಇರಲಿಲ್ಲ.

ಇದ್ದದ್ದು ಆರ್‌ಸಿ ಪುಸ್ತಕ ಮಾತ್ರ. ಅದನ್ನು ಹೊಸಪೇಟೆಯ ಸ್ಟೇಷನ್ ರಸ್ತೆಯ ಬಣ್ಣದ ಅಂಗಡಿಯ ಕೌಂಟರ್ ಮೇಲಿಟ್ಟು, ಒಂದು ಸಾಲಿನ ಮೇಲೆ ಬೆರಳು ಊರಿದಳು. ಕಲರ್: ಗ್ರೀನ್.

"ಹಸರು ಬೇಕ್ರಿ. ಅಂಬಾಸಿಡರ್‌ಗೆ."

ಕೌಂಟರಿನ ಹಿಂದಿದ್ದವನ ಹೆಸರು ರಾಮಾಂಜಿನಿ. ಅಂಗಡಿಯಲ್ಲಿ ಬಣ್ಣ ಕೂಡಿಸುವುದು ಅವನ ಕೆಲಸ. ಭಾನುವಾರ ಹಳೆಯ ಗಾಡಿಗಳಿಗೆ ಸ್ಪ್ರೇ ಹೊಡೆಯುತ್ತಿದ್ದ. ಉಗುರುಗಳ ಸಂದಿಯಲ್ಲಿ ನಾಲ್ಕೈದು ಬಣ್ಣ ಒಣಗಿದ್ದವು.

"ಯಾವ ಹಸರು?"

"ಹಸರು ಅಂದ್ರ ಹಸರು. ಅದರಾಗ ಯಾವ್ದೇನು?"

ಅವನು ಶೇಡ್ ಕಾರ್ಡ್ ಬಿಡಿಸಿ ಹಾಸಿದ. "ಇದರಾಗ ಇಪ್ಪತ್ತೊಂದು ಹಸರು ಅದಾವು. ಗಿಣಿ, ಬಾಟ್ಲಿ, ಮಿಲಿಟ್ರಿ... ನಿಮ್ಮದು ಯಾವ್ದು ನೋಡಿ ಹೇಳ್ರಿ."

ಅವಳು ನೋಡಿದಳು. ಇಪ್ಪತ್ತೊಂದು ಚೌಕಗಳಲ್ಲಿ ಒಂದೂ ತನ್ನನ್ನು ಗುರುತಿಸಲಿಲ್ಲ. ಕಾರನ್ನು ಬಣ್ಣದಲ್ಲಿ ಕೊನೆಯ ಸಲ ಕಂಡಾಗ ತಾನು ಎರಡು ವರ್ಷದ ಕೂಸು... ಅದನ್ನು ಇವನಿಗೆ ಯಾಕೆ ಹೇಳಬೇಕು?

"ಈಗ ಗಾಡಿ ಮ್ಯಾಲೆ ಏನೈತ್ರಿ?"

"ರೆಡ್ ಆಕ್ಸೈಡ್. ಬ್ಯಾರೆ ಏನೂ ಇಲ್ಲ."

"ಹಂಗಾರ ಗಾಡಿ ನೋಡಬೇಕು. ಬುಕ್ ನಂಬಿ ನಾ ಬಣ್ಣ ಕೂಡಿಸಂಗಿಲ್ಲ. ಬುಕ್ಕಿನಾಗ ಏನ್ ಬೇಕಾದ್ರೂ ಬರೀತಾರ."

ಯಶೋಧರಾ ಪುಸ್ತಕವನ್ನು ಹಿಂದಕ್ಕೆಳೆದುಕೊಂಡಳು.

"ನಮ್ಮ ಬುಕ್ ಸುಳ್ಳಂತೀರೇನು?"

"ನಾ ಎಲ್ಲರ ಬುಕ್ಕಿಗೂ ಹೇಳಿದೆ ರೀ..."

"ಎಲ್ಲರದು ನಂಗ್ಯಾಕ? ಈ ಬುಕ್ಕಿನಾಗ ಏನ್ ಬರದೈತೋ ಅದ ಬಣ್ಣ ಬೇಕು. ಕೂದಲೆಳಿಯಷ್ಟೂ ಆಚೀಚಿ ಆಗಬಾರದು."

ರಾಮಾಂಜಿನಿ ಶೇಡ್ ಕಾರ್ಡ್ ಮಡಚಿದ. ಬಣ್ಣ ಕೊಳ್ಳಲು ಬಂದವರು ಹೀಗೆ ಸಿಡಿಯುವುದನ್ನು ಅವನು ನೋಡಿರಲಿಲ್ಲ.

"ಊರು ಯಾವ್ದ್ರಿ?"

"ಗಾದಿಗನೂರು."

"ಭಾನುವಾರ ಬರ್ತೀನಿ. ನೋಡಾಕ ಏನೂ ತಗಳಂಗಿಲ್ಲ. ಬೈಯೋದಿದ್ರ ಅಲ್ಲೇ ಬೈಯ್ರಿ, ಇಲ್ಲಿ ಮಾಲೀಕರು ಕೇಳಸ್ಕ್ಯಂತಾರ."

ಅವಳಿಗೆ ನಗು ಬರಲಿಲ್ಲ. ಬರಬೇಕಿತ್ತು ಎಂದು ಬಸ್ಸಿನಲ್ಲಿ ಕೂತ ಮೇಲೆ ಅನಿಸಿತು.

*

ಆ ಒಂದು ಸಾಲಿನ ಮೇಲೆ ಅವಳಿಗೆ ಅಷ್ಟು ಹಟ ಇದ್ದದ್ದಕ್ಕೆ ಕಾರಣವಿತ್ತು.

ಅಪ್ಪ ದುರುಗಣ್ಣ ಸಂಡೂರಿನಲ್ಲಿ ಅದಿರು ಸಾಗಿಸುವ ಕಂಟ್ರಾಕ್ಟರ್ ಒಬ್ಬನ ಡ್ರೈವರ್. ಆ ಕಂಟ್ರಾಕ್ಟರ್ ಅನಂತಪುರದ ಕಡೆಯವನು. ಊರಿಗೆ ವಾಪಸ್ಸು ಹೋಗುವಾಗ ತನ್ನ ಹಳೆಯ ಅಂಬಾಸಿಡರ್ ಅನ್ನು ದುರುಗಣ್ಣನಿಗೇ ಮಾರಿದ. ಹಳೆಯ ಆರ್‌ಸಿ ಗೆದ್ದಲು ತಿಂದಿತ್ತು. ಏಜೆಂಟನೊಬ್ಬ ಅರ್ಜಿ ತುಂಬಿ ಹೊಸದು ಮಾಡಿಸಿಕೊಟ್ಟ. ದುರುಗಣ್ಣ ಸಹಿ ಹಾಕಿದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ವರ್ಷ ತುಂಬುವ ಮೊದಲೇ, ಹಂಪಿಗೆ ಹೋಗಿ ಬರುವಾಗ ಪೊಲೀಸರು ಕೈ ಅಡ್ಡ ಹಾಕಿದರು. ಪುಸ್ತಕದಲ್ಲಿರುವ ಬಣ್ಣ ಬೇರೆ, ಗಾಡಿಯ ಬಣ್ಣ ಬೇರೆ ಎಂದರು. ಅದಕ್ಕಿಂತ ಮೊದಲು ಕೇಳಿದ್ದು ಇನ್ನೊಂದು ಪ್ರಶ್ನೆ. ಕೇರಿಯವನಿಗೆ ಕಾರು ಎಲ್ಲಿಂದ ಬಂತು?

ಕೆಳಗೆ ಚಾಸಿಯ ಮೇಲೆ ನಂಬರ್ ಕೊರೆದಿರುತ್ತದೆ, ಅದನ್ನು ನೋಡಿ ಎಂದು ದುರುಗಣ್ಣ ಬೇಡಿದ. ಯಾರೂ ಬಗ್ಗಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟುಗಳು.

ಕಾರು ಕಳೆದಿದೆ ಎಂದು ಜಗತ್ತಿನಲ್ಲಿ ಯಾರೂ ದೂರು ಕೊಟ್ಟಿರಲಿಲ್ಲ. ಆದರೂ ಅದು ಹನ್ನೊಂದು ವರ್ಷ ಠಾಣೆಯ ಹಿತ್ತಲಲ್ಲಿ ನಿಂತಿತು. 'ಕಳ್ಳ ಗಾಡಿ ದುರುಗ' ಎಂಬ ಹೆಸರಿಗೆ ಸಂಡೂರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಅವನು ಗಾದಿಗನೂರಿಗೆ ಬಂದು ಕೂಲಿಗೆ ನಿಂತ. ತಾಯಿಯಿಲ್ಲದ ಯಶೋಧರಾ ಶಾಲೆಯ ವಯಸ್ಸಾದಾಗ ಹಾಸ್ಟೆಲ್ ಸೇರಿದಳು.

ಕೊನೆಗೊಮ್ಮೆ, ದೂರುದಾರರೇ ಇಲ್ಲವೆಂದು, ಕೋರ್ಟು ಗಾಡಿಯನ್ನು ಬಿಟ್ಟಿತು. ಅವಳು ರಜೆಗೆ ಮನೆಗೆ ಬರುವಷ್ಟರಲ್ಲಿ ಅಪ್ಪ ಉಪ್ಪುಕಾಗದ ಹಿಡಿದು, ಇದ್ದಬದ್ದ ಬಣ್ಣವನ್ನೆಲ್ಲ ತಗಡು ಕಾಣುವವರೆಗೆ ಉಜ್ಜಿ ತೆಗೆದು, ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿದಿದ್ದ. ಬಣ್ಣವೇ ಇಲ್ಲದ ಗಾಡಿಗೆ ಬಣ್ಣದ ತಕರಾರು ಯಾರು ತೆಗೆಯುತ್ತಾರೆ?

ಅದನ್ನು ಅವನು ಮತ್ತೆ ಓಡಿಸಲಿಲ್ಲ. ಎಂಟು ವರ್ಷ ಅಂಗಳದಲ್ಲಿ ನಿಲ್ಲಿಸಿಕೊಂಡು, ಒಂದು ಬೇಸಿಗೆಯಲ್ಲಿ ತೀರಿಕೊಂಡ. ಕಾರಿನ ಬಗ್ಗೆ ಅವನು ಹೇಳುತ್ತಿದ್ದದ್ದು ಒಂದೇ ಮಾತು: "ನಮ್ಮ ಪಚ್ಚ ಗಾಡಿ."

ಪಚ್ಚ ಅಂದರೆ ಪಚ್ಚೆ, ಪಚ್ಚೆ ಅಂದರೆ ಹಸಿರು. ಪುಸ್ತಕದಲ್ಲೂ ಗ್ರೀನ್. ಹಾಗಾದರೆ ಪೊಲೀಸರೇ ಸುಳ್ಳು ಹೇಳಿದ್ದು!

ಯಶೋಧರಾ ಈಗ ತೋರಣಗಲ್ಲು ಕಡೆಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಅದಿರು ಪರೀಕ್ಷಿಸುತ್ತಾಳೆ. ವರ್ಷವಿಡೀ ಕೂಡಿಟ್ಟು ಎಂಜಿನ್ ಕಟ್ಟಿಸಿದಳು, ಟೈರು, ಸೀಟು ಹಾಕಿಸಿದಳು. ಇನ್ನು ಹಸಿರು ಬಳಿದು, ಅದೇ ಠಾಣೆಯ ಮುಂದೆ ನಿಧಾನಕ್ಕೆ ಓಡಿಸಿಕೊಂಡು ಹೋಗಬೇಕಿತ್ತು... ಅಷ್ಟೇ ಅವಳ ಆಸೆ.

*

ಭಾನುವಾರ ರಾಮಾಂಜಿನಿ ಬಂದ. ಅದರ ಮುಂದಿನ ಭಾನುವಾರವೂ ಬಂದ.

"ಪೇಂಟು ಎನಾಮಲ್ಲೋ ಪಿಯುನೋ?" ಎಂದು ಕೇಳಿದ.

"ಏನ್ ಫರಕು?"

"ಎನಾಮಲ್ ಹಳೇ ಗಾಡಿಗೆ ಚಂದ. ಕಣ್ಣಿಗೆ ಹೊಡಿಯಂಗಿಲ್ಲ. ಆದ್ರ ಒಣಗಾಕ ಒಂದು ದಿನ. ಅಷ್ಟರಾಗ ನಿಮ್ಮೂರಿನ ಅದಿರು ಲಾರಿ ಧೂಳೆಲ್ಲ ಅದರ ಮ್ಯಾಲೆ ಕುಂದ್ರತೈತಿ. ಪಿಯು ಜಲ್ದಿ ಒಣಗತೈತಿ. ಆದ್ರ ಪ್ಲಾಸ್ಟಿಕ್ ಕೊಡದಂಗ ಮಿಂಚತೈತಿ."

"ಜಲ್ದಿ ಒಣಗಬೇಕು. ಮಿಂಚಬಾರದು."

"ಎರಡೂ ಬೇಕು ಅಂದ್ರ?"

"ಅದಕ್ಕ ನಿಮ್ಮನ್ನ ಕರೆದಿದ್ದು."

ಅಪ್ಪ ಹೋದ ಮೇಲೆ ಜೊತೆಗಿರಲು ಬಂದ ಸೋದರತ್ತೆ ಉಚ್ಚಂಗೆಮ್ಮ ಅಂಗಳದಲ್ಲಿ ಕಡಲೆ ಆರಿಸುತ್ತ ತಲೆ ಎತ್ತಲಿಲ್ಲ. "ಪಿಯುದಾಗ ಮಿಂಚು ಕಡಿಮಿ ಮಾಡೋ ಪುಡಿ ಏನರ ಇದ್ರ, ಸ್ವಲ್ಪ ಈಕಿ ನಾಲಿಗಿಗೂ ಹಾಕಪ್ಪ."

ರಾಮಾಂಜಿನಿ ನಕ್ಕ. ಈ ಸಲ ಯಶೋಧರಾಳಿಗೂ ನಗು ಬಂತು. ನೀರಿನ ಬಕೆಟ್ ತರುವ ನೆಪದಲ್ಲಿ ತಿರುಗಿಕೊಂಡಳು.

ಅವನು ಉಜ್ಜುವುದನ್ನು ನೋಡುವುದು ಅವಳಿಗೆ ಹಿಡಿಸಿತ್ತು. ಕಾಗದವನ್ನು ನೀರಿನಲ್ಲಿ ಅದ್ದಿ, ತಗಡಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ಸವರುತ್ತಿದ್ದ. ಕಣ್ಣಿಗೆ ಕಾಣದ ತಗ್ಗು ಕೈಗೆ ತಿಳಿಯುತ್ತದೆ ಎನ್ನುತ್ತಿದ್ದ. ಇಷ್ಟು ವರ್ಷ ಜನ ಒದ್ದ ಕಾರನ್ನು ಯಾರೋ ಹೀಗೆ ಮುಟ್ಟುತ್ತಿದ್ದಾರಲ್ಲ... ಎಂದುಕೊಂಡಳು. ತಕ್ಷಣ ತನ್ನ ಮೇಲೆಯೇ ಸಿಟ್ಟು ಬಂತು. ಕಾರಿನ ಕೆಲಸಕ್ಕೆ ಬಂದವನು ಕಾರು ಮುಟ್ಟದೆ ಇನ್ನೇನು ಮಾಡುತ್ತಾನೆ?

ಮೂರನೆಯ ಭಾನುವಾರ ಅವನು ಡ್ಯಾಶ್‌ಬೋರ್ಡ್ ಬಿಚ್ಚಿದ. ಒಳಗೆ, ದುರುಗಣ್ಣನ ಉಪ್ಪುಕಾಗದ ತಲುಪದ ಮೂಲೆಯಲ್ಲಿ, ಅಂಗೈಯಗಲ ಬಣ್ಣ ಉಳಿದಿತ್ತು.

"ಯಶೋಧರಾ ಅವರ, ಬರ್ರಿ ಇಲ್ಲಿ." ಅವನ ದನಿಯಲ್ಲಿ ಖುಷಿಯಿತ್ತು. "ಸಿಕ್ತು ನೋಡ್ರಿ, ಹುಟ್ಟುಬಣ್ಣ."

ಅವಳು ಬಾಗಿ ಟಾರ್ಚ್ ಬಿಟ್ಟಳು.

ಹಳದಿ.

ಮಾಗಿದ ಮಾವಿನ ಹಣ್ಣಿನಂಥ ಹಳದಿ.

"ಇದು ಆಮ್ಯಾಲೆ ಯಾರರ ಹಚ್ಚಿದ್ದು," ಎಂದಳು.

"ಅಲ್ರಿ. ಇದರ ಕೆಳಗ ಕಂಪನಿ ಪ್ರೈಮರ್ ಐತಿ, ಅದರ ಕೆಳಗ ತಗಡು. ನಡುವ ಹಸರು ಇಲ್ಲ. ಈ ಗಾಡಿ ಎಂದೂ ಹಸರು ಇರಲಿಲ್ಲ."

ಹಾಗಾದರೆ ಆ ಪುಸ್ತಕ ಈ ಗಾಡಿಯದಲ್ಲ. ಹಾಗಾದರೆ ಪೊಲೀಸರು ಹೇಳಿದ್ದೇ... ಅವಳು ಆ ಯೋಚನೆಯನ್ನು ಅಲ್ಲಿಗೇ ತಡೆದಳು. ತಡೆದದ್ದು ಬೆಂಕಿಯಾಗಿ ಬಾಯಿಗೆ ಬಂತು.

"ಮುಚ್ರಿ ಅದನ್ನ. ಹಸರು ಹೊಡೀರಿ."

"ಹುಟ್ಟುಬಣ್ಣ ಕಣ್ಣಾರೆ ಕಂಡ ಮ್ಯಾಲೆ ಸುಳ್ಳು ಬಣ್ಣ ಹೆಂಗ ಹೊಡೀಲ್ರಿ?"

"ಸುಳ್ಳು?" ಅವಳ ದನಿ ತಗ್ಗಿತು, ಕಿರುಚಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. "ನೇರ ಹೇಳ್ರಿ. ನಮ್ಮಪ್ಪ ಕಳ್ಳ ಅಂತ ಹೇಳ್ರಿ."

"ನಾ ಯಾವಾಗ..."

"ಎಲ್ಲರೂ ಹಿಂಗ ಹೇಳಿದ್ದು. ಬಣ್ಣ ನೋಡಿ ಹೇಳಿದ್ರು. ನಮ್ಮ ಬಣ್ಣಾನೂ ನೋಡಿ ಹೇಳಿದ್ರು. ನೀವು ಬ್ಯಾರೆ ಅಂದ್ಕಂಡಿದ್ದೆ. ನನ್ನ ತಪ್ಪು. ಹೊರಗ ನಡೀರಿ."

"ಯಶೋಧರಾ ಅವರ, ಒಂದು ಮಾತು ಕೇಳ್ರಿ."

"ನಡೀರಿ ಅಂದೆ!" ಈಗ ಕಿರುಚಿದಳು.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಅವನು ಬಹಳ ಹೊತ್ತು ಏನೋ ಮಾಡುತ್ತಿದ್ದ ಸದ್ದು ಕೇಳಿಸಿತು. ಸಾಮಾನು ಕಟ್ಟಿಕೊಳ್ಳಲು ಇಷ್ಟು ಹೊತ್ತೇ? ಆಮೇಲೆ ಬೈಕಿನ ಸದ್ದು. ಅವಳು ಅವನ ನಂಬರ್ ಬ್ಲಾಕ್ ಮಾಡಿದಳು.

ಉಚ್ಚಂಗೆಮ್ಮ ರೊಟ್ಟಿ ತಟ್ಟುತ್ತಲೇ ಹೇಳಿದಳು: "ಆ ಹುಡುಗ ಏನಂದ ಅಂತ ನಂಗ ತಿಳೀಲಿಲ್ಲ. ನೀ ಅಂದಿದ್ದು ಮಾತ್ರ ಓಣಿಗೆಲ್ಲ ತಿಳೀತು."

*

ಅವನು ಸ್ಪ್ರೇ ಗನ್ ಮರೆತು ಹೋಗಿದ್ದ.

ಅದು ಎರಡು ವಾರ ಕಿಟಕಿಯಲ್ಲಿ ಕೂತು ಅವಳನ್ನು ನೋಡಿತು. ಅವನ ಸಾಮಾನು ತನ್ನ ಮನೆಯಲ್ಲಿ ಇರುವುದು ಬೇಡ. ಅಂಗಡಿಗೆ ಹೋದರೆ ಅವನಿಗೆ ಇವತ್ತು ರಜೆ ಎಂದರು. ಕಂಪ್ಲಿ ಹತ್ತಿರ ಗದ್ದೆ ಕೂಲಿಯವರ ಕ್ಯಾಂಪಿನಲ್ಲಿ ಮನೆ ಎಂದು ದಾರಿ ಹೇಳಿದರು. ಗನ್ ಕೊಟ್ಟು, ಇನ್ನೆರಡು ಮಾತು ಬೈದು ಬರೋಣವೆಂದು ಅವಳು ಬಸ್ ಹತ್ತಿದಳು. ಬುಕ್ಕಸಾಗರ ದಾಟುವಷ್ಟರಲ್ಲಿ ಆ ಎರಡು ಮಾತು ಹತ್ತಾಗಿದ್ದವು.

ಮನೆಯಲ್ಲಿ ಅವನಿರಲಿಲ್ಲ. ತಾಯಿ ದ್ಯಾಮಕ್ಕ ಒಲೆಯ ಮುಂದಿದ್ದಳು. ಆಂಧ್ರದ ಆದೋನಿ ಕಡೆಯಿಂದ ಗದ್ದೆ ಕೆಲಸಕ್ಕೆ ಬಂದು ನಿಂತ ಕುಟುಂಬ, ಮನೆಮಾತು ತೆಲುಗು.

"ಗಾಡಿ ಹುಡುಗಿ ನೀನೇನವ್ವ? ಕುಂದ್ರು. ಬೈಯಾಕ ಬಂದೀಯೇನು?"

"...ಹೌದ್ರಿ."

"ಬೈಯುವಂತಿ. ನೀರು ತರಾಕ ಹೋಗ್ಯಾನ, ಬರ್ತಾನ. ಅಲ್ಲಿಮಟ ಚಾ ಕುಡಿ. ಆ ಹಲಗಿ ಮ್ಯಾಲಿನ ಪಚ್ಚ ಡಬ್ಬಿ ಕೊಡು, ಸಕ್ರಿ ಹಾಕ್ತೀನಿ."

ಹಲಗೆಯ ಮೇಲೆ ಎರಡು ಡಬ್ಬಿ ಇದ್ದವು. ಯಶೋಧರಾ ಹಸಿರು ಮುಚ್ಚಳದ್ದನ್ನು ಕೊಟ್ಟಳು.

ದ್ಯಾಮಕ್ಕ ಮುಚ್ಚಳ ತೆಗೆದು ನಕ್ಕಳು. "ಚಾಗ ಉಪ್ಪು ಹಾಕಿ ಕುಡೀತಾರೇನವ್ವ ನಿಮ್ಮ ಕಡಿ? ಇದಲ್ಲ. ಪಚ್ಚದು ಕೊಡು."

"ಇದು ಪಚ್ಚ ಅಲ್ಲೇನ್ರಿ?"

"ಇದು ಆಕುಪಚ್ಚ. ಎಲಿ ಬಣ್ಣ. ಬರೇ ಪಚ್ಚ ಅಂದ್ರ ಅದು." ಒಲೆ ಊದುವ ಕೊಳವೆಯಿಂದ ತೋರಿಸಿದಳು.

ಇನ್ನೊಂದು ಡಬ್ಬಿಯ ಮುಚ್ಚಳ ಹಳದಿ.

ಯಶೋಧರಾ ಆ ಮುಚ್ಚಳದ ಮೇಲೆ ಬೆರಳು ಊರಿದಳು.

"ಇನ್ನೊಮ್ಮೆ ಹೇಳ್ರಿ ಅವ್ವ. ಅದು ಯಾವ ಬಣ್ಣ?"

"ಪಚ್ಚ. ಅರಿಶಿಣ ಹಚ್ಚಿದ ಸೀರಿ ಇರತೈತಲ್ಲ, ಹಂಗ. ಯಾಕವ್ವ? ಮುಖ ಯಾಕ ಹಂಗಾತು?"

ಕಂಟ್ರಾಕ್ಟರ್ ಅನಂತಪುರದ ಕಡೆಯವನು. ತೆಲುಗಿನವನು, ದಿನಾ ಬೆಳಗ್ಗೆ ಡ್ರೈವರನಿಗೆ ಪಚ್ಚ ಗಾಡಿ ತೆಗಿ ಅಂದಿರುತ್ತಾನೆ. ಅಪ್ಪನ ಬಾಯಿಗೆ ಆ ಮಾತು ಹತ್ತಿತು. ಏಜೆಂಟ್ ಬಣ್ಣ ಕೇಳಿದಾಗ ಅಪ್ಪ ಪಚ್ಚ ಎಂದ. ಏಜೆಂಟ್ ಕನ್ನಡದವನು. ತಲೆ ಎತ್ತದೆ ಗ್ರೀನ್ ಎಂದು ಬರೆದ. ಗಾಡಿ ಹೊರಗೇ ನಿಂತಿತ್ತು. ಕಿಟಕಿಯಿಂದ ಇಣುಕಿದ್ದರೆ ಸಾಕಿತ್ತು...

ಕಳ್ಳತನವಿಲ್ಲ. ಸಂಚೂ ಇಲ್ಲ. ಒಂದು ಪದ!

ಇಷ್ಟು ದಿನ ಅವಳ ಸಿಟ್ಟಿಗೆ ಮುಖಗಳಿದ್ದವು. ಈಗ ಅದು ಇನ್ನೂ ದೊಡ್ಡದಾಯಿತು. ಯಾವ ಬಣ್ಣಕ್ಕೆ ಪಚ್ಚ ಅಂತೀಯಪ್ಪ ಎಂದು ಒಬ್ಬರು, ಹನ್ನೊಂದು ವರ್ಷದಲ್ಲಿ ಒಬ್ಬೇ ಒಬ್ಬರು, ಅಪ್ಪನನ್ನು ಕೇಳಲಿಲ್ಲ. ಅವನ ಮಾತು ಕೇಳುವಂಥ ಮಾತು ಎಂದು ಯಾರಿಗೂ ಅನಿಸಲಿಲ್ಲ.

ತಾನು ಕೇಳಿದ್ದಳೇ? ಇಲ್ಲ. ತಾನೂ ಅವನ ಪಚ್ಚವನ್ನು ಹಸಿರು ಮಾಡಿಕೊಂಡು, ಅದನ್ನೇ ಹಿಡಿದು ಜಗಳವಾಡುತ್ತ ಬಂದವಳು.

ಬಾಗಿಲಲ್ಲಿ ಕೊಡ ಇಳಿಸಿದ ಸದ್ದಾಯಿತು. ರಾಮಾಂಜಿನಿ ಒದ್ದೆ ಅಂಗಿಯಲ್ಲಿ ನಿಂತಿದ್ದ.

"ಗನ್ ಕೊಡಾಕ ಬಂದ್ರೇನು? ಅಲ್ಲಿಡ್ರಿ."

"ನಮ್ಮಪ್ಪ ಅದನ್ನ ಪಚ್ಚ ಗಾಡಿ ಅಂತಿದ್ದ," ಎಂದಳು.

ಅವನು ಅವಳನ್ನು ನೋಡಿದ. ಹಲಗೆಯ ಮೇಲಿನ ಡಬ್ಬಿ ನೋಡಿದ. ನಿಧಾನವಾಗಿ ಬಾಗಿಲಿಗೆ ಒರಗಿದ.

"ಇದನ್ನ ಮೊದಲ ಯಾಕ ಹೇಳಲಿಲ್ಲ? ನೀವು ಹಸರು ಹಸರು ಅಂದ್ರಿ."

"ಪಚ್ಚ ಅಂದ್ರ ಹಸರ ಅಂದ್ಕಂಡಿದ್ದೆ."

ಅವನು ಒಳಗೆ ಹೋಗಿ, ಮಡಚಿದ ಒಂದು ಹಾಳೆ ತಂದು ಅವಳ ಕೈಗಿಟ್ಟ. ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ ಅಂಕಿಗಳು.

"ಆ ದಿನ ನೀವು ಬಾಗಿಲು ಹಾಕ್ಕಂಡ ಮ್ಯಾಲೆ ಗಾಡಿ ಕೆಳಗ ಹೋದೆ. ಚಾಸಿ ನಂಬರ್. ಆರ್‌ಸಿ ಸೀಟಿನ ಮ್ಯಾಲೆ ಇತ್ತು, ಜೋಡಿಸಿ ನೋಡಿದೆ. ಒಂದು ಅಂಕಿನೂ ತಪ್ಪಿಲ್ಲ. ಆ ಬುಕ್ಕು ಆ ಗಾಡಿದ. ನಿಮ್ಮಪ್ಪಂದ. ಬಣ್ಣ ಒಂದ ತಪ್ಪು."

"ಇದನ್ನ ಹೇಳಾಕ ಏನಾಗಿತ್ತು?"

"ನಲವತ್ತು ಸಲ ಫೋನ್ ಹಚ್ಚೀನಿ. ಬ್ಲಾಕ್."

ಅವಳು ಆ ಹಾಳೆಯನ್ನು ಹಿಡಿದು ನಿಂತಳು. ಅಳು ಬಂತು. ಅದನ್ನು ತಡೆಯಲು ಹೋಗಲಿಲ್ಲ.

"ನಾನೂ ನೋಡಿರಲಿಲ್ಲ," ಎಂದಳು. "ಲ್ಯಾಬಿನಾಗ ದಿನಾ ನೂರು ಸ್ಯಾಂಪಲ್ ನೋಡ್ತೀನಿ. ಅದೊಂದು ನಂಬರ್ ನೋಡಾಕ ಧೈರ್ಯ ಇರಲಿಲ್ಲ. ತಾಳೆ ಆಗದಿದ್ರ ಏನ್ ಮಾಡ್ಲಿ ಅಂತ... ಊರಿಗೆಲ್ಲ ಬೈಯೋಳು, ನಮ್ಮಪ್ಪನ್ನ ನಾನ ನಂಬಿರಲಿಲ್ಲ."

ರಾಮಾಂಜಿನಿ ಹೆಗಲ ಮೇಲಿನ ಟವೆಲ್ ಕೊಟ್ಟ. ಅದು ತಿನ್ನರ್ ವಾಸನೆ ಹೊಡೆಯುತ್ತಿತ್ತು. ಅವಳು ಅದರಲ್ಲೇ ಮುಖ ಒರೆಸಿಕೊಂಡಳು.

"ಒಂದು ಕೇಳ್ತೀನಿ," ಎಂದಳು ಟವೆಲಿನೊಳಗಿಂದ. "ಅಷ್ಟು ಬೈಸ್ಕಂಡು ಗಾಡಿ ಕೆಳಗ ಯಾಕ ಹೋದ್ರಿ?"

"ನಿಮಗ ಯಾರರ ಒಂದು ಒಳ್ಳೆ ಸುದ್ದಿ ತಂದು ಕೊಡಬೇಕಿತ್ತು. ಆ ಯಾರರ ನಾನ ಆಗಬೇಕು ಅನಿಸ್ತು."

ಒಲೆಯ ಮುಂದಿನಿಂದ ದ್ಯಾಮಕ್ಕ ಹೇಳಿದಳು: "ಬೈಯ್ಯೋದು ಮುಗೀತೇನು? ಚಾ ಆರಾಕತ್ತೈತಿ."

*

ಹಳದಿ ಆರಿಸುವುದು ಹಸಿರಿಗಿಂತ ಕಷ್ಟವಾಯಿತು. ಒಂದು ಹನಿ ಕೆಂಪು ಹೆಚ್ಚಾದರೆ ಸ್ಕೂಲ್ ಬಸ್ಸು, ಕಡಿಮೆಯಾದರೆ ನಿಂಬೆಹಣ್ಣು. ಡ್ಯಾಶ್‌ಬೋರ್ಡಿನ ಒಳಗಿನ ಚೂರನ್ನು ಬಿಸಿಲಿಗಿಟ್ಟು, ಹದಿನಾರು ತಗಡಿನ ತುಂಡುಗಳ ಮೇಲೆ ಬಳಿದು ನೋಡಿದರು. ಹದಿನೇಳನೆಯದು ಕೂಡಿತು. ಪಿಯು, ಮಿಂಚು ತಗ್ಗಿಸಿದ್ದು.

ಆರ್‌ಸಿ ತಿದ್ದಲು ಯಶೋಧರಾ ತಾನೇ ಇಂಗ್ಲಿಷಿನಲ್ಲಿ ಅರ್ಜಿ ಬರೆದಳು. ಕ್ಷಮೆ ಕೇಳಿ ಎಂದು ಆ ಠಾಣೆಗೂ ಒಂದು ಕಾಗದ ಬರೆದಳು. ಅಲ್ಲಿಂದ ಉತ್ತರ ಬರಲಿಲ್ಲ. ಎರಡನೆಯದು ಬರೆದಿಟ್ಟಿದ್ದಾಳೆ.

ರಾತ್ರಿ ಮಳೆ ಬಂದು ಧೂಳು ಕೂತ ಒಂದು ಬೆಳಗ್ಗೆ, ಲಾರಿಗಳು ಶುರುವಾಗುವ ಮುನ್ನ, ರಾಮಾಂಜಿನಿ ಮೊದಲ ಕೋಟು ಹೊಡೆದ. ಮಾಸ್ಕ್ ಇಳಿಸಿ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತ.

"ಎರಡನೇ ಕೋಟಿಗೆ ಅರ್ಧ ತಾಸು ಬಿಡಬೇಕು."

"ನಮ್ಮ ಮದುವಿಗೆ ನಿಮ್ಮವ್ವ ಏನಂದ್ರು?" ಅವಳು ಕಾರನ್ನೇ ನೋಡುತ್ತಿದ್ದಳು. "ನಾವು ಬೌದ್ಧರು ಅಂತ ನೀವು ಹೇಳಿದ್ರೇನು? ಅದಕ್ಕೂ ಮೊದಲು ಏನಿದ್ವಿ ಅಂತಾನೂ ಹೇಳಿದ್ರೇನು?"

"ಹೇಳೀನಿ. ಒಂದು ದಿನ ಮಾತು ಬಿಟ್ಲು. ಮರುದಿನ, ಆ ಹುಡುಗಿ ಚಾಗ ಸಕ್ರಿ ಎಷ್ಟು ಹಾಕ್ಕಂತಾಳ ಅಂತ ಕೇಳಿದ್ಲು."

"ನಮ್ಮ ಕಡಿ ತಾಳಿಗೀಳಿ ಇರಂಗಿಲ್ಲ. ಬುದ್ಧನ ಮುಂದ ಪ್ರಮಾಣ ಮಾಡೋದು ಅಷ್ಟ."

"ಮಾಡ್ತೀನಿ."

"ನಂಗ ಸಿಟ್ಟು ಭಾಳ. ಅದು ಹೋಗಂಗಿಲ್ಲ."

"ಹೋಗೋದು ಬ್ಯಾಡ. ಎಲ್ಲಾ ನನ್ನ ಮ್ಯಾಲ ಖರ್ಚು ಮಾಡಬ್ಯಾಡ್ರಿ, ಅಷ್ಟ."

"ರೀ ಅನ್ನೋದು ಬಿಡು."

"ನೀ ಮೊದಲ ನಂಬರ್ ಅನ್‌ಬ್ಲಾಕ್ ಮಾಡು."

ಅವಳು ಫೋನ್ ತೆಗೆದು, ಅವನ ಕಣ್ಣೆದುರೇ ಮಾಡಿದಳು. ಬಣ್ಣ ಹತ್ತಿದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅರ್ಧ ತಾಸು ಮುಗಿಯಿತು. ಇಬ್ಬರೂ ಏಳಲಿಲ್ಲ.

ಠಾಣೆಯ ಹಿತ್ತಲಲ್ಲಿ ಗಾಡಿಯಿಂದ ಹೋದದ್ದು ಐದು ಟೈರು, ಒಂದು ಬ್ಯಾಟರಿ, ಎರಡು ದೀಪ, ಒಂದು ಹಿಂದಿನ ಸೀಟು. ಅವೆಲ್ಲ ಮತ್ತೆ ಬಂದವು. ಬಾರದೆ ಹೋದದ್ದು ಠಾಣೆಯಲ್ಲಿ ಹನ್ನೊಂದು ವರ್ಷ, ಅಂಗಳದಲ್ಲಿ ಎಂಟು ವರ್ಷ, ಒಬ್ಬ ಡ್ರೈವರ್.